ದೋಣಿಯ ಎರಡನೇ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ

ಪ್ರಶ್ನೆ: ಮಲ್ಪೆಯಲ್ಲಿರುವ ನನ್ನ ಫೈಬರ್ ದೋಣಿಗೆ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಇದೆ. ಸ್ಟಾರ್ಟ್ ಮಾಡಲು ಒಂದು, ಫಿಶ್‌ಫೈಂಡರ್ ಹಾಗೂ ದೀಪಗಳಿಗೆ 100 ಆಂಪಿಯರ್-ಅವರ್‌ನ ಇನ್ನೊಂದು, ಹೀಗೆ ಎರಡು ಲೆಡ್-ಆಸಿಡ್ ಬ್ಯಾಟರಿಗಳಿದ್ದು, ವೋಲ್ಟೇಜ್ ಏರಿದಾಗ ಅವೆರಡನ್ನೂ ತಾನಾಗಿ ಜೋಡಿಸುವ ರಿಲೇ ಹಾಕಿದ್ದೇನೆ. ಎಂಜಿನ್ ಓಡುವಾಗ ಮೊದಲನೆಯದು 14.1 ವೋಲ್ಟ್ ತೋರಿಸುತ್ತದೆ, ರಿಲೇಯ ದೀಪವೂ ಹೊತ್ತುತ್ತದೆ. ಎರಡನೆಯದು ಮಾತ್ರ 12.1ರಿಂದ ಮೇಲೇರುವುದಿಲ್ಲ. ರಿಲೇ ಬದಲಾಯಿಸಬೇಕೇ?

ಉತ್ತರ: ಈಗಲೇ ಬೇಡ ಸರ್. ಇಂಥ ರಿಲೇಗಳು ಸಾಮಾನ್ಯವಾಗಿ 13.3 ವೋಲ್ಟ್ ಆಸುಪಾಸಿನಲ್ಲಿ ಕೂಡಿ (ಬ್ಯಾಟರಿಗಳನ್ನು ಜೋಡಿಸಿ) 12.8ರ ಹತ್ತಿರ ಬಿಡುತ್ತವೆ (ಬೇರ್ಪಡಿಸುತ್ತವೆ). ಎಂಜಿನ್ ಓಡುತ್ತಿರುವಾಗಲೇ ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಮೊದಲ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಕೆಂಪು ಕಡ್ಡಿಯನ್ನು ರಿಲೇಯ ಎರಡೂ ಬೋಲ್ಟ್‌ಗಳಿಗೂ ಬಳಿಕ ಎರಡನೇ ಬ್ಯಾಟರಿಯ ಪಾಸಿಟಿವ್‌ಗೂ ಮುಟ್ಟಿಸಿ ನೋಡಿ. ರಿಲೇಯ ಒಂದು ಬೋಲ್ಟ್‌ನಲ್ಲಿ ಮಾತ್ರ 14.1 ಇದ್ದರೆ ರಿಲೇ ಕೆಟ್ಟಿದೆ. ಎರಡರಲ್ಲೂ ಇದ್ದು ಬ್ಯಾಟರಿಗೆ ತಲುಪದಿದ್ದರೆ ಫ್ಯೂಸ್ ಹೋಗಿರಬೇಕು ಅಥವಾ ಕೇಬಲ್ ತುದಿಯ ಲೋಹದ ಕೊಂಡಿಗೆ (ಲಗ್) ಕಿಲುಬು ಹಿಡಿದಿರಬೇಕು. ಮೂರೂ ಕಡೆ 14.1 ಬಂದರೆ ನೆಗೆಟಿವ್ ಬದಿಯನ್ನು ನೋಡಿ.

ಪ್ರಶ್ನೆ: ಮೂರೂ ಕಡೆ 14.1 ಬಂತು. ಎರಡು ಬ್ಯಾಟರಿಗಳ ನೆಗೆಟಿವ್‌ಗಳು ಬೇರೆ ಬೇರೆಯಾಗಿವೆ.

ಉತ್ತರ: ಹಾಗಾದರೆ ಕಾರಣ ಅದೇ. ಕರೆಂಟ್ ಮರಳಲು ದಾರಿಯಿಲ್ಲದಿದ್ದರೆ ರಿಲೇ ಕೂಡಿದರೂ ಚಾರ್ಜ್ ಆಗುವುದಿಲ್ಲ. ಎಂಜಿನ್ ನಿಲ್ಲಿಸಿ, ಪಾಸಿಟಿವ್ ಕೇಬಲ್‌ನಷ್ಟೇ ದಪ್ಪದ, ತವರ ಲೇಪಿಸಿದ ತಾಮ್ರದ ಕೇಬಲ್‌ನಿಂದ ಎರಡೂ ನೆಗೆಟಿವ್‌ಗಳನ್ನು ಜೋಡಿಸಿ. ಬರಿಯ ತಾಮ್ರ ಉಪ್ಪುಗಾಳಿಗೆ ಬೇಗ ಕಪ್ಪಾಗುತ್ತದೆ. ರಿಲೇಗೆ ಹೋಗುವ ಪಾಸಿಟಿವ್ ಕೇಬಲ್‌ಗೆ ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಒಂದೊಂದು ಫ್ಯೂಸ್ ಇರಲಿ.

ಆದರೂ ಎಂಜಿನ್ ಒಂದನ್ನೇ ನಂಬುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಲೋಡ್ ಇಲ್ಲದೆ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.1 ತೋರಿಸಿದರೆ ಸುಮಾರು ಅರ್ಧ, ಅಂದರೆ ನಿಮ್ಮ ಲೆಕ್ಕದಲ್ಲಿ 50 ಆಂಪಿಯರ್-ಅವರ್ ಖಾಲಿಯಾಗಿದೆ ಎಂದರ್ಥ. ಚಾರ್ಜಿಂಗ್‌ಗೆ 10 ಆಂಪಿಯರ್ ಸಿಕ್ಕರೂ ಕನಿಷ್ಠ ಐದು ಗಂಟೆ ಬೇಕು. ತುಂಬುತ್ತ ಬಂದಂತೆ ಲೆಡ್-ಆಸಿಡ್ ಕಡಿಮೆ ಕರೆಂಟ್ ಎಳೆಯುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಗಾಳ ಎಳೆಯುತ್ತ ನಿಧಾನಕ್ಕೆ ಸಾಗುವಾಗ ಔಟ್‌ಬೋರ್ಡ್ ಕೊಡುವ ಕರೆಂಟೂ ಅಲ್ಪವೇ. ದಡಕ್ಕೆ ಬಂದ ಮೇಲೆ, ಗಾಳಿಯಾಡುವ ಜಾಗದಲ್ಲಿ, ರಾತ್ರಿ ಚಾರ್ಜರ್‌ಗೆ ಹಾಕಿ.

ಮತ್ತೊಬ್ಬರ ಪ್ರಶ್ನೆ: ಎರಡನೆಯದಕ್ಕೆ ಲಿಥಿಯಂ ಹಾಕಬಹುದೇ?

ಉತ್ತರ: ಈ ರಿಲೇಯೊಂದಿಗೆ ಬೇಡ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತುಂಬಿದಾಗ ಸುಮ್ಮನಿದ್ದರೂ 13.3 ವೋಲ್ಟ್ ಸಮೀಪವೇ ಇರುವುದರಿಂದ, ಎಂಜಿನ್ ನಿಂತ ಮೇಲೂ ರಿಲೇ ಬಿಡದೆ ಉಳಿಯಬಹುದು. ಖಾಲಿಯಾದಾಗ ಸಿಕ್ಕಷ್ಟು ಕರೆಂಟನ್ನು ಎಳೆದು ಎಂಜಿನ್‌ನ ಚಾರ್ಜಿಂಗ್ ಭಾಗಗಳನ್ನು ಬಿಸಿ ಮಾಡಬಹುದು. ರಿಲೇ ತೆಗೆದು, ಮೊದಲ ಬ್ಯಾಟರಿಯ ಕಡೆಯಿಂದ ಎರಡನೆಯದನ್ನು ಕರೆಂಟಿಗೆ ಮಿತಿ ಹಾಕಿ ಚಾರ್ಜ್ ಮಾಡುವ ಡಿಸಿ-ಡಿಸಿ ಚಾರ್ಜರ್ ಅಳವಡಿಸಿಕೊಳ್ಳಿ.