ಮಗಳ ಖಾತೆಗೆ ತಾಯಿಯ ಆಧಾರ್ ಕೊಡಬಹುದೇ?

ಪ್ರಶ್ನೆ (ಗೃಹಿಣಿ, ಮಂಡ್ಯ): ವಕೀಲರಿಗೆ ನಮಸ್ಕಾರ. ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ 12 ವರ್ಷದ ಮಗಳು ದಸರಾ ರಜೆಗೆ ಮೈಸೂರಿನ ಅಜ್ಜಿ ಮನೆಗೆ ಹೋಗಿದ್ದಾಗ, ಹುಟ್ಟಿದ ದಿನಾಂಕ 01-01-2000 ಎಂದು ನಮೂದಿಸಿ ಒಂದು ಸಾಮಾಜಿಕ ಜಾಲತಾಣದಲ್ಲಿ ಖಾತೆ ತೆರೆದಿದ್ದಾಳೆ. ಈಗ ಆ ಖಾತೆ ಸ್ಥಗಿತಗೊಂಡಿದ್ದು, ಗುರುತಿನ ಚೀಟಿ ಅಥವಾ ಮುಖದ ವಿಡಿಯೊ ಕೊಟ್ಟು ವಯಸ್ಸನ್ನು ದೃಢಪಡಿಸಬೇಕಂತೆ. ‘ಚಿಕ್ಕಮ್ಮನ ಆಧಾರ್ ಹಾಕಿದರೆ ಆಯಿತು’ ಎನ್ನುತ್ತಾನೆ ಅವಳ ದೊಡ್ಡಪ್ಪನ ಮಗ. ಹಾಗೆ ಮಾಡಬಹುದೇ? ನಮ್ಮ ಮೇಲೆ ಕೇಸು ಆದೀತೇ?

ಉತ್ತರ (ವಕೀಲರು, ಮೈಸೂರು): ಕೊಡಬೇಡಿ, ಮೇಡಂ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ದೊಡ್ಡ ದಂಡದ ಹೊರೆಯನ್ನು ಕಂಪನಿಗಳ ಮೇಲೆಯೇ ಹೊರಿಸಿದೆ. ಮಕ್ಕಳ ವಿಷಯದಲ್ಲಿ ಕರ್ತವ್ಯ ತಪ್ಪಿದರೆ ಅದು 200 ಕೋಟಿ ರೂಪಾಯಿವರೆಗೆ ಹೋಗಬಹುದು. ಆದರೆ ಮಾಹಿತಿ ಕೊಡುವಾಗ ಇನ್ನೊಬ್ಬರ ಸೋಗು ಹಾಕಬಾರದೆಂಬ ಕರ್ತವ್ಯವನ್ನು ಅದೇ ಕಾಯ್ದೆ ನಮಗೂ ವಿಧಿಸಿದ್ದು, ಮೀರಿದರೆ 10 ಸಾವಿರ ರೂಪಾಯಿವರೆಗೆ ದಂಡವಿದೆ. ಆ ಹುಡುಗನ ಸಲಹೆ ಇದೇ ಸೋಗು.

ದಂಡಕ್ಕಿಂತ ನನ್ನನ್ನು ಚಿಂತೆಗೆ ಹಚ್ಚುವುದು ಆ 2000ನೆಯ ಇಸವಿ. ಬಹುತೇಕ ಜಾಲತಾಣಗಳ 13 ವರ್ಷದ ಮಿತಿಯು ಅಮೆರಿಕದ 1998ರ ಕಾನೂನಿನಿಂದ ಬಂದದ್ದು. ನಮ್ಮ ಕಾಯ್ದೆಯಲ್ಲಾದರೋ 18 ತುಂಬದವರೆಲ್ಲರೂ ಮಕ್ಕಳೇ. ಅದರ 9ನೆಯ ಕಲಮಿನಂತೆ, ಮಗುವಿನ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಗು ಏನು ನೋಡುತ್ತದೆ, ಎಷ್ಟು ಹೊತ್ತು ನೋಡುತ್ತದೆ ಎಂದು ಬೆನ್ನು ಹತ್ತಿ, ಅದಕ್ಕೆ ತಕ್ಕ ಜಾಹೀರಾತು ತೋರಿಸುವಂತಿಲ್ಲ. 2025ರ ನವೆಂಬರ್‌ನ ಅಧಿಸೂಚನೆಯಂತೆ ಈ ಕಲಮು 18 ತಿಂಗಳ ನಂತರ ಜಾರಿಗೆ ಬರಬೇಕು. ಆದರೆ ದಾಖಲೆಯಲ್ಲಿ ನಿಮ್ಮ ಮಗಳು 2000ದಲ್ಲಿ ಹುಟ್ಟಿದವಳಾಗಿಯೇ ಉಳಿದರೆ, ಇವೆಲ್ಲ ಬಂದರೂ ಅವಳಿಗೆ ದಕ್ಕುವುದು ಕಷ್ಟ. ನೀವು ಆಧಾರ್ ಕೊಟ್ಟರೆ ಆ ಸುಳ್ಳಿಗೆ ನೀವೇ ಮೊಹರು ಒತ್ತಿದಂತಾಗುತ್ತದೆ.

ಮರುಪ್ರಶ್ನೆ (ಇನ್ನೊಬ್ಬ ಪೋಷಕರು, ಕುವೆಂಪುನಗರ): ಸರ್, ನನ್ನ ಮಗನಿಗೆ 15 ವರ್ಷ. ಮುಖದ ವಿಡಿಯೊ ಕೊಟ್ಟರೆ ಸಾಕಲ್ಲವೇ? ಆಸ್ಟ್ರೇಲಿಯಾದಂತೆ ನಿಷೇಧಿಸಿಬಿಟ್ಟರೆ ಈ ರಗಳೆಯೇ ಇರುವುದಿಲ್ಲವಲ್ಲ?

ಉತ್ತರ: ಮುಖ ನೋಡಿ ಯಂತ್ರ ಹೇಳುವುದು ಅಂದಾಜು ಮಾತ್ರ, ಮೀಸೆ ಚಿಗುರಿದ ಹುಡುಗನ ವಿಷಯದಲ್ಲಿ ಎರಡು ಮೂರು ವರ್ಷ ಆಚೀಚೆ ಆಗುವುದು ಸಹಜ. 2025ರ ಡಿಸೆಂಬರ್ 10ರಿಂದ 16ರೊಳಗಿನವರ ಖಾತೆಗಳನ್ನು ತಡೆಯುತ್ತಿರುವ ಆಸ್ಟ್ರೇಲಿಯಾದಲ್ಲಿಯೂ ದಂಡ ಬೀಳುವುದು ಕಂಪನಿಗೆ, ಮಕ್ಕಳಿಗಾಗಲಿ ಪೋಷಕರಿಗಾಗಲಿ ಅಲ್ಲ. ಹಾಗಾಗಿ ವಯಸ್ಸು ಪತ್ತೆ ಹಚ್ಚುವ ರಗಳೆ ಅಲ್ಲಿ ಇನ್ನೂ ಹೆಚ್ಚೇ. ನಮ್ಮ ನಿಯಮಗಳ ಒತ್ತು ಪೋಷಕರ ಪರಿಶೀಲನೆಯ ಮೇಲಿದೆ. ಕಂಪನಿಯ ಬಳಿ ಈಗಾಗಲೇ ಇರುವ ವಿಶ್ವಾಸಾರ್ಹ ವಿವರ, ನೀವಾಗಿ ಕೊಡುವ ವಿವರ ಅಥವಾ ಡಿಜಿಲಾಕರ್‌ನಂಥ ವ್ಯವಸ್ಥೆಯ ಟೋಕನ್ (ಗುರುತು, ವಯಸ್ಸಿನ ವಿವರಕ್ಕೆ ಜೋಡಿಸಿದ ಡಿಜಿಟಲ್ ಸಂಕೇತ) ಮೂಲಕ ಅದು ನಡೆಯಬಹುದು. ಟೋಕನ್ ದಾರಿಯೇ ಮೇಲೆಂಬುದು ನನ್ನ ಅಭಿಪ್ರಾಯ. ಕಾರ್ಡಿನ ಫೋಟೊ ಎಲ್ಲೆಲ್ಲೋ ಅಲೆಯುವುದು ತಪ್ಪುತ್ತದೆ. ಒಂದು ಕೊರತೆಯನ್ನೂ ಹೇಳಬೇಕು: ಪರಿಶೀಲನೆಯಾಗುವುದು ಒಪ್ಪಿಗೆ ಕೊಟ್ಟವರು ಗುರುತಿಸಬಹುದಾದ ವಯಸ್ಕರೇ ಎಂಬುದು, ಅವರು ನಿಜವಾಗಿಯೂ ಹೆತ್ತವರೇ ಎಂಬುದು ಅದರಿಂದ ಖಾತ್ರಿಯಾಗುವುದಿಲ್ಲ. ಮಂಡ್ಯದ ಮೇಡಂ ಹೇಳಿದಂಥ ದೊಡ್ಡಪ್ಪನ ಮಗ 18 ದಾಟಿದ್ದರೆ, ಅವನೇ ತಂದೆಯ ಜಾಗದಲ್ಲಿ ಕೂತಾನು.

ನಿಮ್ಮ ಮಗನ ಹುಟ್ಟಿದ ವರ್ಷವನ್ನು ಸರಿಯಾಗಿಯೇ ಹಾಕಿಸಿ. ಇನ್‌ಸ್ಟಾಗ್ರಾಂನ ಹದಿಹರೆಯದವರ ಖಾತೆ ತಾನಾಗಿ ಖಾಸಗಿಯಾಗಿರುತ್ತದೆ. 16ರೊಳಗಿನವರು ಆ ಕಟ್ಟುಪಾಡು ಸಡಿಲಿಸಲು ಪೋಷಕರ ಅನುಮತಿ ಬೇಕು. ಮೇಡಂ, ನಿಮ್ಮ ಮಗಳಿಗೆ ಇನ್ನೂ 13 ಆಗಿಲ್ಲವಾದ್ದರಿಂದ, 13ರೊಳಗಿನ ಮಕ್ಕಳ ಖಾತೆಯ ಬಗ್ಗೆ ವರದಿ ಮಾಡುವ ನಮೂನೆ ಆ ಜಾಲತಾಣದ ಸಹಾಯ ಪುಟದಲ್ಲಿದ್ದರೆ ಅದನ್ನು ತುಂಬಿ, ಖಾತೆಯನ್ನು ಅಳಿಸಲು ಕೋರಿ. ಆಕೆಯ ವಯಸ್ಸಿಗೆ ದಾಖಲೆ ಕೇಳಿದರೆ, ಆಧಾರ್‌ನ ಮೊದಲ 8 ಅಂಕಿ ಮರೆಮಾಡಿದ ಪ್ರತಿ ಆಧಾರ್ ನೀಡುವ ಸಂಸ್ಥೆ ಯುಐಡಿಎಐನ ಜಾಲತಾಣದಲ್ಲಿ ಸಿಗುತ್ತದೆ, ಅದನ್ನೇ ಕೊಡಿ.