ಐದೇ ತಿಂಗಳಿಗೆ ನೈಟ್ ಗಾರ್ಡ್ ತೂತು: ಇನ್ನೂ ದಪ್ಪನೆಯದು ಬೇಕೋ, ಗಟ್ಟಿಯದು ಬೇಕೋ?

ಪ್ರಶ್ನೆ: ಸವೆದಹಲ್ಲು

ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿದು ಸವೆಯದಿರಲೆಂದು ಮಾಡಿಸಿದ, ಮೇಲಿನ ದವಡೆಯ ಮೆತ್ತನೆಯ ಗಾರ್ಡ್. 2 ಮಿ.ಮೀ. ಪ್ಲಾಸ್ಟಿಕ್ ಹಾಳೆಯದು. ಐದು ತಿಂಗಳಿಗೆ ಎಡಗಡೆಯ ಮೊದಲ ದವಡೆಹಲ್ಲಿನ ಜಾಗದಲ್ಲಿ ತೂತು ಬಿದ್ದಿದೆ. ಬಲಗಡೆ ಅದೇ ಜಾಗ ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳುವಾಗಿದೆ. ಮುಂದಿನ ಹಲ್ಲುಗಳ ಕಡೆ ಮಾತ್ರ ಹೊಸದರಂತೆಯೇ ಇದೆ. ಬೆಳಗ್ಗೆ ಕಣತಲೆ ನೋವು ಕಡಿಮೆಯಾಗಿಲ್ಲ.

ಇದನ್ನೇ 3 ಮಿ.ಮೀ. ಹಾಳೆಯಲ್ಲಿ ಮಾಡಿಸಿದರೆ ಸಾಕೇ, ಅಥವಾ ಗಟ್ಟಿ ಅಕ್ರಿಲಿಕ್‌ಗೇ ಹೋಗಬೇಕೇ? ಅದು ಬರುವ ತನಕ ಬಿಸಿನೀರಲ್ಲಿ ಅದ್ದಿ ಕಚ್ಚುವ ರೆಡಿಮೇಡ್ ಗಾರ್ಡ್ ನಡೆಯುತ್ತದೆಯೇ? ಮೇಲಿನ ಒಂದು ಹಲ್ಲಿಗೆ ಕ್ಯಾಪ್ ಹಾಕಿಸುವುದೂ ಬಾಕಿ ಇದೆ. ಯಾವುದು ಮೊದಲು?

ಉತ್ತರ 1: ಲ್ಯಾಬ್‌ಮೇಜು

ಕ್ಯಾಪ್ ಮೊದಲು, ಅನುಮಾನವೇ ಬೇಡ. ಗಾರ್ಡ್ ಒಳಗಿನ ಅಚ್ಚು ಈಗಿರುವ ಹಲ್ಲಿನ ಆಕಾರಕ್ಕೆ ಕೂತಿರುತ್ತದೆ. ಕ್ಯಾಪ್ ಬಂದ ಮೇಲೆ ಆ ಒಂದು ಹಲ್ಲಿನ ಮೇಲೆ ಗಾರ್ಡ್ ತೂಗಾಡುತ್ತದೆ. ದೊಡ್ಡ ಫಿಲ್ಲಿಂಗ್‌ಗೂ ಇದೇ ಮಾತು. ಕ್ಯಾಪ್ ಯಾವ ವಸ್ತುವಿನದೆಂದು ತೀರ್ಮಾನಿಸುವ ಮೊದಲೇ ಹಲ್ಲು ಕಡಿಯುವ ಅಭ್ಯಾಸವಿದೆ ಎಂದು ಡೆಂಟಿಸ್ಟ್‌ಗೆ ಹೇಳಿಬಿಡಿ. ಆಯ್ಕೆ ಅದರ ಮೇಲೂ ನಿಂತಿರುತ್ತದೆ.

ಇನ್ನು ತೂತಿನ ವಿಷಯ. ಅದು ಸರಿಯಾಗಿ ದವಡೆಹಲ್ಲಿನ ಮೇಲೇ ಬಿದ್ದದ್ದು ಆಕಸ್ಮಿಕ ಅಲ್ಲ. ಕೆಳದವಡೆ ಕಿವಿಯ ಮುಂದಿರುವ ಕೀಲಿನ ಮೇಲೆ ಬಾಗಿಲಿನ ಹಾಗೆ ತಿರುಗುತ್ತದೆ. ಬಾಗಿಲ ಕೀಲಿನ ಹತ್ತಿರ ಒಂದು ಚಕ್ಕೆ ಸಿಕ್ಕಿಸಿದರೆ ಹಿಡಿಯ ಕಡೆ ಎಷ್ಟು ತೆರೆದುಕೊಳ್ಳುತ್ತದೆ ನೋಡಿ. ಹಿಂದಿನ ಹಲ್ಲಿನ ಬಳಿ 2 ಮಿ.ಮೀ. ಎತ್ತಿದರೆ ಮುಂದೆ ಅದರ ಸುಮಾರು ಎರಡರಷ್ಟು ಸಂದು ಬೇಕು. ಆದರೆ ಹಾಳೆ ಎಲ್ಲ ಕಡೆ ಒಂದೇ ದಪ್ಪ. ಹಾಗಾಗಿ ಕಚ್ಚಿದಾಗ ಹಿಂದಿನ ಒಂದೆರಡು ಹಲ್ಲು ಮಾತ್ರ ತಾಗುತ್ತವೆ, ಮುಂದಿನವು ಗಾಳಿಯಲ್ಲೇ ಉಳಿಯುತ್ತವೆ. ರಾತ್ರಿಯ ಭಾರವೆಲ್ಲ ಅಲ್ಲೇ. 3 ಮಿ.ಮೀ. ಹಾಕಿಸಿದರೆ ತೂತು ಬೀಳುವುದು ತಡವಾಗುತ್ತದೆ, ಆದರೆ ಮುಂದಿನ ಸಂದು ಇನ್ನೂ ದೊಡ್ಡದಾಗುತ್ತದೆ. ಕಾಯಿಲೆ ಅದೇ, ಗಡುವು ಮಾತ್ರ ಬೇರೆ.

ಇನ್ನೊಂದು ಸಂಗತಿ: 2 ಮಿ.ಮೀ. ಎಂಬುದು ಹಾಳೆಯ ಲೆಕ್ಕ. ಬಿಸಿ ಮಾಡಿ ಅಚ್ಚಿನ ಮೇಲೆ ಎಳೆದಾಗ ಹಲ್ಲಿನ ಮೊನೆಗಳ ಮೇಲೆ ಅದು ಹಿಗ್ಗಿ ತೆಳುವಾಗುತ್ತದೆ. ಕೈಗೆ ಬರುವ ಗಾರ್ಡ್ ಅಲ್ಲಿ 2 ಇರುವುದಿಲ್ಲ. ಮೆತ್ತನೆಯ ಈ ಇವಿಎ ಪ್ಲಾಸ್ಟಿಕ್ಕನ್ನು ಉಜ್ಜಿ ಎತ್ತರ ಸರಿಮಾಡುವುದೂ ಕಷ್ಟ, ಬರ್ (ಉಜ್ಜುವ ಯಂತ್ರದ ಮೊನೆ) ತಾಗಿಸಿದರೆ ಕತ್ತರಿಸುವ ಬದಲು ಎಳೆದುಕೊಂಡು ಬರುತ್ತದೆ.

ಗಟ್ಟಿ ಅಕ್ರಿಲಿಕ್‌ನ ಲಾಭ ಗಟ್ಟಿತನವಲ್ಲ, ಅದನ್ನು ಬೇಕಾದ ಆಕಾರಕ್ಕೆ ತರಬಹುದು ಎನ್ನುವುದು. ಹಿಂದೆ ಒಂದೂವರೆಯಿಂದ 2 ಮಿ.ಮೀ. ಇಟ್ಟು, ಮುಂದೆ ಬೇಕಾದಷ್ಟು ದಪ್ಪ ತುಂಬಿ, ಎಲ್ಲ ಹಲ್ಲೂ ಒಟ್ಟಿಗೆ ತಾಗುವಂತೆ ಮಾಡಬಹುದು. ಅದಕ್ಕೆ ಗಾರ್ಡ್ ಮಾಡುವ ನಮ್ಮಂಥ ಲ್ಯಾಬ್‌ಗೆ ಮೂರು ವಸ್ತು ಬರಬೇಕು: ಮೇಲಿನ ಅಚ್ಚು, ಕೆಳಗಿನ ಅಚ್ಚು, ಮತ್ತು ಗಾರ್ಡಿನ ದಪ್ಪದಷ್ಟೇ ಬಾಯಿ ತೆರೆದ ಸ್ಥಿತಿಯಲ್ಲಿ ತೆಗೆದ ಕಡಿತದ ಅಳತೆ, ಅಂದರೆ ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ಎಲ್ಲಿ ಎದುರಾಗುತ್ತವೆ ಎಂಬ ಗುರುತು. ಈ ಮೂರನೆಯದೇ ಬಹಳ ಸಲ ತಪ್ಪುವುದು. ಹಲ್ಲು ಪೂರ್ತಿ ಮುಚ್ಚಿದ ಕಡಿತ ಕಳಿಸಿದರೆ ನಾವು ಆರ್ಟಿಕ್ಯುಲೇಟರ್ (ಎರಡೂ ಅಚ್ಚನ್ನು ದವಡೆಯಂತೆ ತೆರೆದು ಮುಚ್ಚುವ ಸಾಧನ) ಮೇಲೆ ಅಂದಾಜಿನಿಂದ ತೆರೆಯುತ್ತೇವೆ, ಆ ಅಂದಾಜಿನ ದಂಡ ಕೂರಿಸುವ ದಿನ ಗಂಟೆಗಟ್ಟಲೆ ಉಜ್ಜುವುದು. ಆಲ್ಜಿನೇಟ್ ಎಂಬ ಮೆತ್ತನೆಯ ಲೇಪದಲ್ಲಿ ತೆಗೆದ ಅಚ್ಚಾದರೆ ತಡಮಾಡದೆ ಅದರೊಳಗೆ ಕಲಸಿದ ಕಲ್ಲುಪುಡಿ ಸುರಿಯಬೇಕು, ಒಣಗಿದರೆ ಅಚ್ಚು ಕುಗ್ಗುತ್ತದೆ. ಬಾಯಿಯೊಳಗಿನ ಸ್ಕ್ಯಾನರ್ ಇದ್ದರೆ ಈ ತೊಂದರೆ ಇಲ್ಲ.

ಉತ್ತರ 2: ಕೋರೆಹಲ್ಲು

ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ಆದರೆ ಅತ್ಯುತ್ತಮ ಲ್ಯಾಬ್‌ನಿಂದ ಬಂದದ್ದೂ ಬಾಯಲ್ಲಿ ಕೂರಿಸಿ ಸರಿಮಾಡದಿದ್ದರೆ ದುಬಾರಿ ಪ್ಲಾಸ್ಟಿಕ್ ಅಷ್ಟೇ. ಕೂರಿಸುವ ದಿನ ಗಮನಿಸಬೇಕಾದದ್ದು:

ಮೊದಲು ಕೂರುವಿಕೆ. ಬೆರಳಿಂದ ಒತ್ತಿದಾಗ ಟಪ್ಪನೆ ಕೂರಬೇಕು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತಿದರೆ ಜೋಕಾಲಿ ಆಡಬಾರದು. ಎಲ್ಲ ಹಲ್ಲಿಗೂ ಸಮನಾದ ಬಿಗಿ ಮೊದಲ ಕೆಲವು ರಾತ್ರಿ ಸಹಜ. ಒಂದೇ ಹಲ್ಲು ನೋಯುತ್ತಿದ್ದರೆ ಅದು ‘ರೂಢಿಯಾಗುತ್ತದೆ’ ಎನ್ನುವ ವಿಷಯವಲ್ಲ, ಗಾರ್ಡಿನ ಒಳಗಡೆ ಆ ಜಾಗವನ್ನು ಉಜ್ಜಿಸಬೇಕು. ಕಚ್ಚಿ ಕೂರಿಸುವ ಅಭ್ಯಾಸ ಬೇಡ, ಗಾರ್ಡ್ ಸೀಳುವುದು ಹಾಗೆಯೇ.

ಆಮೇಲೆ, ಹಲ್ಲು ತಾಗಿದ ಕಡೆ ಗುರುತು ಮೂಡಿಸುವ ಬಣ್ಣದ ಕಾಗದ. ಒಂದು ಬಣ್ಣ ಇಟ್ಟು ದವಡೆಯನ್ನು ಅತ್ತಿತ್ತ ಜಾರಿಸುವುದು, ಇನ್ನೊಂದು ಬಣ್ಣ ಇಟ್ಟು ಟಕ್ ಟಕ್ ಎಂದು ಕಚ್ಚುವುದು. ಕಚ್ಚಿದಾಗ ಎದುರು ಸಾಲಿನ ಪ್ರತಿ ಹಿಂದಿನ ಹಲ್ಲಿಗೂ ಕನಿಷ್ಠ ಒಂದು ಚುಕ್ಕೆ ಬೀಳಬೇಕು, ಎರಡೂ ಕಡೆ ಒಂದೇ ಗಾಢತೆ. ದವಡೆ ಪಕ್ಕಕ್ಕೆ ಹೋದಾಗ ಗೆರೆ ಕೋರೆಹಲ್ಲಿನ ಬಳಿ ಮಾತ್ರ ಇರಬೇಕು. ಅಲ್ಲಿರುವ ಸಣ್ಣ ಇಳಿಜಾರು ಹಿಂದಿನ ಹಲ್ಲುಗಳನ್ನು ಬಿಡಿಸುತ್ತದೆ. ಹಿಂದಿನ ಹಲ್ಲಿನ ಮೇಲೂ ಉದ್ದ ಗೆರೆ ಎಳೆದಿದ್ದರೆ ಇನ್ನೂ ಉಜ್ಜಬೇಕು. ಕುರ್ಚಿಯನ್ನು ಮಲಗಿಸಿಯೂ ಒಮ್ಮೆ ನೋಡಲು ಹೇಳಿ. ಅಂಗಾತ ಮಲಗಿದಾಗ ಕೆಳದವಡೆ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಕೂತಾಗ ಇಲ್ಲದ ಚುಕ್ಕೆ ಅಲ್ಲಿ ಕಾಣಿಸಿಕೊಳ್ಳುತ್ತದೆ. ಗಾರ್ಡ್ ಕೆಲಸಕ್ಕೆ ಬರುವುದು ಮಲಗಿದಾಗಲೇ ತಾನೆ.

ಒಂದೆರಡು ವಾರಕ್ಕೆ ಮತ್ತೆ ಹೋಗಿ. ಸ್ನಾಯು ಸಡಿಲವಾದಂತೆ ದವಡೆ ಕೂರುವ ಜಾಗ ಬದಲಾಗಬಹುದು, ಎರಡನೇ ಸಲದ ಉಜ್ಜುವಿಕೆ ಬೇಕಾಗುವುದು ಅದಕ್ಕೇ. ಆಮೇಲೆ ಆರು ತಿಂಗಳಿಗೊಮ್ಮೆ ಸಾಕು.

ಮೆತ್ತನೆಯದರ ವಿಷಯದಲ್ಲಿ ಇನ್ನೊಂದು ಮಾತು. ಕೆಲವರಲ್ಲಿ ಅದು ಚ್ಯೂಯಿಂಗ್ ಗಮ್‌ನ ಹಾಗೆ ಅಗಿಯಲು ಪ್ರೇರೇಪಿಸುತ್ತದೆ. ಕಣತಲೆ ನೋವು ಹಾಗೇ ಉಳಿದಿರುವುದಕ್ಕೆ ಅದೂ ಕಾರಣ ಇರಬಹುದು. ಗಾರ್ಡ್ ಹಲ್ಲು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲಿನ ಬದಲು ತಾನು ಸವೆಯುತ್ತದೆ. ಅಕ್ರಿಲಿಕ್ ಎನಾಮಲ್‌ಗಿಂತ ಮೃದು. ಹಾಗಾಗಿ ಹೊಸ ಗಾರ್ಡಿನ ಮೇಲೆ ಗೀರು ಕಂಡರೆ ಗಾಬರಿ ಬೇಡ.

ಮುಂದಿನ ನಾಲ್ಕಾರು ಹಲ್ಲಿಗಷ್ಟೇ ಕೂರುವ ಚಿಕ್ಕ ಗಾರ್ಡನ್ನು ಯಾರಾದರೂ ಸೂಚಿಸಿದರೆ ಎರಡು ಸಲ ಯೋಚಿಸಿ. ಏನೂ ತಾಗದ ಹಿಂದಿನ ಹಲ್ಲುಗಳು ನಿಧಾನವಾಗಿ ಮೇಲೇಳುತ್ತವೆ, ಕೊನೆಗೆ ಗಾರ್ಡ್ ತೆಗೆದರೂ ಮುಂದಿನ ಹಲ್ಲು ಕೂಡುವುದಿಲ್ಲ. ಪೂರ್ತಿ ಸಾಲನ್ನು, ಕಟ್ಟಕಡೆಯ ಹಲ್ಲಿನ ತನಕ ಮುಚ್ಚಬೇಕು.

ಉತ್ತರ 3: ಬಿಸಿನೀರು

ರೆಡಿಮೇಡ್ ಬಗ್ಗೆ: ಕೆಲವು ವಾರಗಳ ತಾತ್ಕಾಲಿಕಕ್ಕೆ ಆದೀತು. ಕ್ಯಾಪ್‌ಗೆ ಹಲ್ಲು ಕೊರೆದು ತಾತ್ಕಾಲಿಕ ಕ್ಯಾಪ್ ಕೂರಿಸಿರುವ ದಿನಗಳಲ್ಲಿ ಮಾತ್ರ ಬೇಡ. ತೆಗೆಯುವಾಗ ಗಾರ್ಡ್ ಜೊತೆ ಅದೂ ಕಿತ್ತು ಬರುತ್ತದೆ.

ಮಾಡುವಾಗ ಜನ ಕೆಡಿಸುವುದು ಕಚ್ಚುವ ಹಂತದಲ್ಲಿ. ನೀರು ಕುದಿಸಿ ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಪೊಟ್ಟಣದ ಮೇಲೆ ಬರೆದಷ್ಟೇ ಸೆಕೆಂಡು ಅದ್ದಿ. ಹೆಚ್ಚಾದರೆ ಗೋಡೆಗಳು ಮಡಚಿಕೊಳ್ಳುತ್ತವೆ. ತೆಗೆದು ನೀರು ಒದರಿ, ಬಾಯಿ ಸುಡದಷ್ಟು ಆರಿಸಿ, ಕನ್ನಡಿ ಮುಂದೆ ಮಧ್ಯದ ಗೆರೆ ಹೊಂದಿಸಿ ಕೂರಿಸಿ. ಹೆಬ್ಬೆರಳಿಂದ ಮೇಲಕ್ಕೆ ಒತ್ತಿ, ತುಟಿ ಕೆನ್ನೆಗಳ ಹೊರಗಿನಿಂದ ಬೆರಳಲ್ಲಿ ಅದುಮಿ, ಒಳಗಿನಿಂದ ನಾಲಿಗೆಯಲ್ಲಿ ಒತ್ತಿ, ಒಮ್ಮೆ ಚೀಪಿ. ಕಚ್ಚುವುದು ಹಗುರವಾಗಿ, ಹಲ್ಲಿನ ಗುರುತು ಮೂಡುವಷ್ಟು ಮಾತ್ರ. ಬಿಗಿಯಾಗಿ ಕಚ್ಚಿದರೆ ದವಡೆಹಲ್ಲಿನ ಕೆಳಗೆ ಕಾಗದದಷ್ಟು ಉಳಿಯುತ್ತದೆ, ಅದು ವಾರದಲ್ಲೇ ತೂತು. ಒಂದು ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿ. ವಸಡಿಗೆ ಚುಚ್ಚುವ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿ.

ಈಗಿರುವ ತೂತಿನ ಗಾರ್ಡನ್ನು ಬಿಸಿನೀರಲ್ಲಿ ಸರಿಮಾಡಲು ಹೋಗಬೇಡಿ. ಇಡೀ ಆಕಾರವೇ ಹೋಗುತ್ತದೆ.

ಸವೆದಹಲ್ಲು

ಧನ್ಯವಾದಗಳು. ಕ್ಯಾಪ್ ಮುಗಿಸಿ ಗಟ್ಟಿಯದನ್ನೇ ಮಾಡಿಸುವುದೆಂದಾಯಿತು. ಎರಡು ಚಿಕ್ಕ ಪ್ರಶ್ನೆ: ಗಾರ್ಡನ್ನು ಪೇಸ್ಟ್ ಹಚ್ಚಿ ಉಜ್ಜಬಹುದೇ? ಬೆಳಗ್ಗೆ ಗಾರ್ಡ್ ತೆಗೆದ ಮೇಲೆ ಹಲ್ಲು ಸರಿಯಾಗಿ ಕೂಡದಂತೆ ಅನಿಸುವುದು ಸಹಜವೇ?

ಉತ್ತರ 4: ಲ್ಯಾಬ್‌ಮೇಜು

ಪೇಸ್ಟ್ ಬೇಡ, ಅದರಲ್ಲಿರುವ ಉಜ್ಜುಪುಡಿ ಗೀರು ಬೀಳಿಸುತ್ತದೆ, ಗೀರಿನಲ್ಲಿ ವಾಸನೆ ಮನೆಮಾಡುತ್ತದೆ. ತಣ್ಣೀರು, ಮೆತ್ತನೆ ಬ್ರಷ್, ಒಂದು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ವಾರಕ್ಕೊಂದೆರಡು ಸಲ ಕಟ್ಟುಹಲ್ಲು ತೊಳೆಯುವ ಮಾತ್ರೆ ಕರಗಿಸಿದ ನೀರಲ್ಲಿ ನೆನೆಸಿ. ಬಿಸಿನೀರು, ಬ್ಲೀಚ್, ಆಲ್ಕೋಹಾಲ್ ಇರುವ ಮೌತ್‌ವಾಶ್ ಮೂರೂ ದೂರ. ಬಿಳಿ ಪದರ ಗಟ್ಟಿಯಾಗಿ ಕೂತಿದ್ದರೆ ಸಮ ನೀರು ಬೆರೆಸಿದ ವಿನೆಗರ್‌ನಲ್ಲಿ ಅರ್ಧ ಗಂಟೆ. ಡಬ್ಬಿಗೆ ಗಾಳಿ ಆಡುವ ತೂತಿರಲಿ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಎತ್ತರದಲ್ಲಿರಲಿ. ಸವೆತಕ್ಕಿಂತ ನಾಯಿ ಅಗಿದು ಹಾಳಾದವು ಕಡಿಮೆಯೇನಲ್ಲ!

ಉತ್ತರ 5: ಕೋರೆಹಲ್ಲು

ಬೆಳಗಿನ ಆ ಅನಿಸಿಕೆ ಹತ್ತು ಇಪ್ಪತ್ತು ನಿಮಿಷದಲ್ಲಿ ಹೋದರೆ ಸಹಜ. ತಿಂಡಿ ಹೊತ್ತು ದಾಟಿಯೂ ಉಳಿದರೆ, ದಿನದಿಂದ ದಿನಕ್ಕೆ ಹೆಚ್ಚಾದರೆ, ಗಾರ್ಡ್ ನಿಲ್ಲಿಸಿ ತೋರಿಸಿ.

ಅಚ್ಚು ಕೊಡುವ ಮೊದಲು ಇದನ್ನೂ ನೋಡಿಕೊಳ್ಳಿ. ಜೋರು ಗೊರಕೆ, ಉಸಿರು ನಿಂತು ನಿಂತು ಬರುವುದು, ಹಗಲು ತೂಕಡಿಕೆ ಇದ್ದರೆ ಮೊದಲು ನಿದ್ರೆಯ ಪರೀಕ್ಷೆ. ಮೇಲಿನ ದವಡೆಯ ಗಾರ್ಡ್ ಕೆಲವರಲ್ಲಿ ಉಸಿರಿನ ತಡೆಯನ್ನು ಹೆಚ್ಚಿಸಬಲ್ಲದು. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಸರ್ಟ್ರಾಲಿನ್ ತರಹದ ಮಾತ್ರೆಗಳಿಂದಲೂ ಹಲ್ಲು ಕಡಿಯುವುದು ಶುರುವಾಗಬಹುದು. ಅವನ್ನು ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಹಲ್ಲಿನ ಮೊನೆಗಳು ಚಪ್ಪಟೆಯಾಗದೆ ಬಟ್ಟಲಿನಂತೆ ಗುಳಿಬಿದ್ದಿದ್ದರೆ ಅದು ಬರೀ ಹಲ್ಲು ಕಡಿದದ್ದರಿಂದಲ್ಲ, ಹೊಟ್ಟೆಯಿಂದ ಮೇಲೆ ಬರುವಂಥ ಹುಳಿಯ (ಆಮ್ಲದ) ಕೆಲಸವೂ ಸೇರಿದೆ. ಎದೆಯುರಿ ಇದೆಯೇ ಎಂದು ಡೆಂಟಿಸ್ಟ್ ಕೇಳುವುದು ಅದಕ್ಕೇ.

ಹಗಲು ಗಾರ್ಡ್ ಬೇಡ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಸುಮ್ಮನಿದ್ದಾಗ ಮೇಲಿನ ಕೆಳಗಿನ ಹಲ್ಲಿನ ನಡುವೆ 2ರಿಂದ 4 ಮಿ.ಮೀ. ಸಂದು ಇರಬೇಕು. ಕಂಪ್ಯೂಟರ್ ಪರದೆಯ ಅಂಚಿಗೆ ಒಂದು ಬಣ್ಣದ ಚೀಟಿ ಅಂಟಿಸಿ. ಕಣ್ಣು ಬಿದ್ದಾಗಲೆಲ್ಲ ಹಲ್ಲು ಕೂಡಿದೆಯೇ ಎಂದು ನೋಡಿಕೊಳ್ಳಿ.