ಮೊದಲ ಸಲ ವಿಮಾನ ಹತ್ತುವ 40 ಹಿರಿಯರಿಗೆ ಶೌಚಾಲಯ, ಸ್ವಚ್ಛತೆ ಬಗ್ಗೆ ಏನೇನು ಹೇಳಿಕೊಡಬೇಕು?

ಕಾಶಿತಂಡ_ಶಿವಮೊಗ್ಗ

ಬೆಂಗಳೂರಿಂದ ವಾರಾಣಸಿಗೆ ನೇರ ವಿಮಾನ, ಎರಡೂವರೆ ಗಂಟೆ ಚಿಲ್ಲರೆ ದಾರಿ. ತಂಡದಲ್ಲಿ 40 ಜನ, ಬಹುಪಾಲು 60 ದಾಟಿದವರು, ಮುಕ್ಕಾಲು ಜನಕ್ಕೆ ಇದೇ ಮೊದಲ ವಿಮಾನ. ಹೊರಡುವ ಮುಂಚೆ ಎಲ್ಲರನ್ನೂ ಕೂರಿಸಿ ಅರ್ಧ ಗಂಟೆ ವಿವರಿಸಿ, ಒಂದು ಹಾಳೆ ಕೈಗೆ ಕೊಡುವ ಯೋಚನೆ ಇದೆ. "ಶಿಸ್ತು ಕಾಪಾಡಿ" ಅಂತ ಬರೆದರೆ ಯಾರೂ ಓದಲ್ಲ. ಏನು ಮಾಡಬಾರದು, ಮಾಡಿದರೆ ಏನು ಕೆಡುತ್ತೆ, ಅದು ಬೇಕು. ಇನ್ನೊಂದು: ಪಕ್ಕದವರೋ ಹಿಂದಿನವರೋ ಗಲೀಜು ಮಾಡಿದರೆ, ಬರಿಗಾಲು ತಂದು ನಮ್ಮವರ ಕೈ ಇಡುವ ಜಾಗದಲ್ಲಿ ಇಟ್ಟರೆ, ನಮ್ಮವರು ಏನು ಮಾಡಬೇಕು?

ಹ್ಯಾಂಗರ್_ನೈಟ್‌ಶಿಫ್ಟ್

ಶೌಚಾಲಯದಿಂದಲೇ ಶುರು ಮಾಡಿ, ಮಿಕ್ಕಿದ್ದು ಆಮೇಲೆ.

ಮನೆಯ ಕಮೋಡಿನಲ್ಲಿ ನೀರು ತಳ್ಳುತ್ತೆ, ವಿಮಾನದಲ್ಲಿ ಗಾಳಿ ಎಳೆಯುತ್ತೆ. ಒಳಗಿನ ಒತ್ತಡ ಹೆಚ್ಚು, ಹೊರಗಿನದು ಕಮ್ಮಿ. ಬಟನ್ ಒತ್ತಿದರೆ ಬುಡದ ವಾಲ್ವ್ ಕೆಲವೇ ಸೆಕೆಂಡು ತೆರೆದು, ಇದ್ದದ್ದನ್ನು ಸುಮಾರು 2 ಇಂಚಿನ ಪೈಪಿಗೆ ಎಳೆದುಕೊಂಡು ಮುಚ್ಚಿಕೊಳ್ಳುತ್ತೆ. ಸುಮಾರು 16,000 ಅಡಿಗಿಂತ ಕೆಳಗಿದ್ದಾಗ ಆ ಒತ್ತಡದ ವ್ಯತ್ಯಾಸ ಸಾಲದು, ಆಗ ಎಳೆಯುವುದಕ್ಕೆ ಮೋಟರ್ ಇದೆ. ನೀರು ಬರುವುದು ಬಟ್ಟಲು ತೊಳೆಯುವಷ್ಟೇ, ಹೆಚ್ಚೆಂದರೆ ಒಂದು ಲೋಟ. ನೀರು ಕಮ್ಮಿ ಬಂತು ಅಂತ ನಾಲ್ಕು ಸಲ ಒತ್ತಬೇಕಿಲ್ಲ. ಸದ್ದು ಮಾತ್ರ ಎದೆ ಝಲ್ ಅನ್ನಿಸುವಂತಿರುತ್ತೆ. ಇದನ್ನು ಮುಂಚೆಯೇ ಹೇಳಿಡಿ. ಗೊತ್ತಿಲ್ಲದವರು ಒಮ್ಮೆ ಬೆಚ್ಚಿಬಿದ್ದರೆ ಮುಂದಿನ ಸಲ ಬಟನ್ ಮುಟ್ಟದೇ ಬಂದುಬಿಡುತ್ತಾರೆ. ಮುಚ್ಚಳ ಹಾಕಿ ಒತ್ತಿದರೆ ಸದ್ದೂ ಕಮ್ಮಿ, ಹನಿ ಎಗರುವುದೂ ಕಮ್ಮಿ.

2 ಇಂಚಿನ ಪೈಪು ಅಂದೆನಲ್ಲ, ಅದರೊಳಗೆ ಹೋಗಬಹುದಾದದ್ದು ಅಲ್ಲಿಟ್ಟಿರುವ ಟಾಯ್ಲೆಟ್ ಪೇಪರ್ ಮಾತ್ರ. ಕೈ ಒರೆಸುವ ದಪ್ಪ ಕಾಗದ ನೀರಲ್ಲಿ ಕರಗುವುದಿಲ್ಲ. ವೆಟ್ ಟಿಶ್ಯೂ, ಡಯಾಪರ್, ಸ್ಯಾನಿಟರಿ ಪ್ಯಾಡ್, ಪ್ಲಾಸ್ಟಿಕ್ ಚೀಲ ಯಾವುದೂ ಕೂಡದು. ಮಾರ್ಚ್ 2025ರಲ್ಲಿ ಶಿಕಾಗೊದಿಂದ ದೆಹಲಿಗೆ ಹೊರಟ ಏರ್ ಇಂಡಿಯಾ ವಿಮಾನ ಅಟ್ಲಾಂಟಿಕ್ ಮೇಲಿಂದ ವಾಪಸ್ ಶಿಕಾಗೊಗೇ ಹೋಯಿತು. 12 ಶೌಚಾಲಯಗಳಲ್ಲಿ 8 ಕೈಕೊಟ್ಟಿದ್ದವು. ಪೈಪಲ್ಲಿ ಸಿಕ್ಕಿದ್ದು ಪಾಲಿಥೀನ್ ಚೀಲ, ಚಿಂದಿ, ಬಟ್ಟೆಬರೆ ಅಂತ ಕಂಪನಿಯೇ ಹೇಳಿತು. ನಿಮ್ಮ ವಿಮಾನ ಎ320 ಥರದ ಮಾದರಿಯಾದರೆ ಸುಮಾರು 180 ಸೀಟಿಗೆ ಸಾಮಾನ್ಯವಾಗಿ ಇರುವುದೇ 3. ಒಂದು ಕಟ್ಟಿಕೊಂಡರೆ ಅದಕ್ಕೆ ಬೀಗ, ಉಳಿದ ಎರಡರ ಮುಂದೆ ಸಾಲು.

ನಮ್ಮವರ ದೊಡ್ಡ ತೊಂದರೆ ನೀರಿನದು. ಕಾಗದ ಒಗ್ಗುವುದಿಲ್ಲ, ಚೊಂಬೂ ಇಲ್ಲ. ಬಾಟಲಿಯಲ್ಲಿ ತುಂಬಿಕೊಂಡು ತೊಳೆದರೆ ತಪ್ಪಲ್ಲ, ಆದರೆ ನೆಲದಲ್ಲಿ ಬಚ್ಚಲಿನ ಹಾಗೆ ನೀರು ಹೋಗುವ ತೂತು ಇಲ್ಲ. ಚೆಲ್ಲಿದ್ದು ಅಲ್ಲೇ ನಿಂತು, ಅಂಚಿನ ಸಂದಿಗಿಳಿದು ಅಡಿಯ ಲೋಹಕ್ಕೆ ತುಕ್ಕು ಹಿಡಿಸುತ್ತೆ. ದೊಡ್ಡ ತಪಾಸಣೆಗೆ ನೆಲ ಬಿಚ್ಚಿದಾಗ ಶೌಚಾಲಯ, ಅಡುಗೆ ಜಾಗಗಳ ಅಡಿಯನ್ನೇ ಮೊದಲು ನೋಡುವುದು ಇದಕ್ಕೇ. ಸುಲಭದ ದಾರಿ: ಪೇಪರನ್ನು ನಲ್ಲಿಯಲ್ಲಿ ಒದ್ದೆ ಮಾಡಿ ಬಳಸುವುದು. ಬಾಟಲಿಯೇ ಬೇಕು ಅನ್ನುವವರು ಆಮೇಲೆ ಸೀಟು, ನೆಲ ಎರಡನ್ನೂ ಕೈ ಕಾಗದದಲ್ಲಿ ಒರೆಸಿ ಬುಟ್ಟಿಗೆ ಹಾಕಲಿ.

ಸೀಟಿನ ಮೇಲೆ ಕುಕ್ಕರಗಾಲಲ್ಲಿ ಕೂರುವುದು ಬೇಡವೇ ಬೇಡ. ಅದು ಪ್ಲಾಸ್ಟಿಕ್ಕು, ಹಿಂಜು ಕಿತ್ತು ಬರುತ್ತೆ. ಅಷ್ಟರಲ್ಲಿ ವಿಮಾನ ಕುಲುಕಿದರೆ ಬೀಳುವ ಜಾಗವೂ ಒಳ್ಳೆಯದಲ್ಲ.

ಗ್ಯಾಲಿ_ಪರದೆ

ನಾನು ವಿಮಾನದೊಳಗಿನ ಸಿಬ್ಬಂದಿ, ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ.

ಹೆಚ್ಚಿನ ಶೌಚಾಲಯಗಳ ಬಾಗಿಲು ಎಳೆಯುವುದಲ್ಲ, ನಡುವೆ ತಳ್ಳಿದರೆ ಮಡಚಿಕೊಳ್ಳುತ್ತೆ. ಒಳಗೆ ಹೋಗಿ ಚಿಲಕ ಸರಿಸಿದ ಮೇಲೇ ದೀಪ ಪೂರ್ತಿ ಹೊತ್ತಿಕೊಳ್ಳುವುದು. ಇದು ಗೊತ್ತಿಲ್ಲದೆ ಮಬ್ಬಿನಲ್ಲೇ ಕೂತವರ ಮೇಲೆ ಇನ್ನೊಬ್ಬರು ಬಾಗಿಲು ತೆರೆಯುತ್ತಾರೆ, ಇಬ್ಬರಿಗೂ ಮುಜುಗರ. ಹಾಳೆಯಲ್ಲಿ "ದೀಪ ಜೋರಾಯಿತೇ? ಹಾಗಾದರೆ ಚಿಲಕ ಬಿದ್ದಿದೆ" ಅಂತ ಬರೆಯಿರಿ.

ಹೊತ್ತು ಮುಖ್ಯ. ಹತ್ತುವ ಮುಂಚೆ ಗೇಟಿನ ಹತ್ತಿರವೇ ಎಲ್ಲರೂ ಹೋಗಿ ಬರಲಿ. ಮೇಲೇರಿ ಬೆಲ್ಟಿನ ದೀಪ ಆರಿದ ಮೇಲೆ, ಊಟದ ಗಾಡಿ ಹೊರಡುವ ಮುಂಚೆ ಒಂದು ಬಿಡುವು ಸಿಗುತ್ತೆ. ಗಾಡಿ ದಾರಿಯಲ್ಲಿದ್ದರೆ ದಾಟಲು ಜಾಗವಿಲ್ಲ. ಕೊನೆಯ ಅರ್ಧ ಗಂಟೆಗೆ ಇಟ್ಟುಕೊಂಡರೆ ಬೆಲ್ಟಿನ ದೀಪ ಬಂದಿರುತ್ತೆ, ನಾವು ಬಿಡುವುದಿಲ್ಲ. ಆಗ ಎದ್ದು ನಿಂತು ಜಗಳ ಆಡುವುದೇ ಹೆಚ್ಚು.

ಎಲೆ ಅಡಿಕೆ, ಗುಟ್ಕಾ ಬಾಯಲ್ಲಿಟ್ಟುಕೊಂಡು ಹತ್ತುವುದು ಬೇಡ. ವಾಶ್‌ಬೇಸಿನ್ನಿಗೆ ಉಗಿದರೆ ಅಡಿಕೆ ಚೂರು ಕೊಳವೆಗೆ ಕೂರುತ್ತೆ. ಬೇಸಿನ್ ನೀರು ಕಮೋಡಿನ ಟ್ಯಾಂಕಿಗೆ ಹೋಗುವುದಿಲ್ಲ, ವಿಮಾನದ ಹೊಟ್ಟೆಯ ಕೆಳಗಿನ ಬಿಸಿ ಮಾಡಿದ ಸಣ್ಣ ಕೊಳವೆಯಿಂದ ಹೊರಕ್ಕೆ ಹೋಗುತ್ತೆ. ಕಟ್ಟಿಕೊಂಡರೆ ಬೇಸಿನ್ ತುಂಬಿ ಕಾಲ ಮೇಲೆ ಸುರಿಯುತ್ತೆ.

ಮುಂದಿನ ಸೀಟಿನ ಜೇಬಿನಲ್ಲಿ ವಾಂತಿ ಚೀಲ ಇದೆಯೇ ಅಂತ ಕೂತ ತಕ್ಷಣ ನೋಡಿಕೊಳ್ಳಲಿ. ಇಲ್ಲದಿದ್ದರೆ ಕೇಳಲಿ, ಕೊಡುತ್ತೇವೆ. ಬಳಸಿದ ಮೇಲೆ ಬಾಯಿ ಎರಡು ಮಡಿಕೆ ಮಡಚಿ, ತಂತಿಯ ಕಿವಿ ಇದ್ದರೆ ಬಗ್ಗಿಸಿ, ನಮ್ಮ ಕೈಗೆ ಕೊಡಲಿ. ವಾಪಸ್ ಜೇಬಿಗೆ ತುರುಕಬೇಡಿ. ಇಳಿಯುವವರು ಇಳಿದು ಹೊಸಬರು ಹತ್ತುವ ನಡುವೆ ಅರ್ಧ ಗಂಟೆಯೂ ಇರಲ್ಲ, ಕಣ್ಣಿಗೆ ಕಂಡ ಕಸ ಹೋಗುತ್ತೆ, ಜೇಬಿನೊಳಗಿನದು ಅಲ್ಲೇ ಉಳಿಯುತ್ತೆ. ಚೀಲ ತಪ್ಪಿ ಸೀಟಿಗೋ ನೆಲಕ್ಕೋ ಆದರೆ ಬೆಲ್ ಒತ್ತಲಿ. ದ್ರವವನ್ನು ಗಟ್ಟಿ ಮಾಡುವ ಪುಡಿ, ಗ್ಲೌಸು, ಮಾಸ್ಕು, ಕೆರೆಯುವ ಹಲಗೆ ಇರುವ ಕಿಟ್ ನಮ್ಮಲ್ಲಿರುತ್ತೆ. ಟವೆಲ್ಲಿನಲ್ಲಿ ಒರೆಸಿ ಹರಡುವುದಕ್ಕಿಂತ ಮುಟ್ಟದೇ ಬಿಡುವುದು ಮೇಲು.

ಮಲ್ನಾಡ್_ಮಳೆ

ಇಷ್ಟೆಲ್ಲ ಯಾಕೆ, ಎಲ್ಲರಿಗೂ ಮಾಸ್ಕ್ ಹಾಕಿಸಿ, ತಲೆ ಮೇಲಿನ ಎಸಿ ತಿರುಪು ಮುಚ್ಚಿಸಿ. ಅದೇ ಗಾಳಿ ಸುತ್ತಿ ಸುತ್ತಿ ಕಾಯಿಲೆ ಹರಡುವುದು.

ದಾವಣಗೆರೆ_ಡಾಕ್ಟ್ರು

ಮಾಸ್ಕ್ ಸರಿ. ತಿರುಪು ಮುಚ್ಚುವುದು ಮಾತ್ರ ಉಲ್ಟಾ, ಮಲ್ನಾಡ್ ಅವರೇ. ಹೆಚ್ಚಿನ ಜೆಟ್‌ಗಳಲ್ಲಿ ಕ್ಯಾಬಿನ್ ಗಾಳಿಯ ಸುಮಾರು ಅರ್ಧ ಹೊರಗಿನಿಂದ ಬಂದದ್ದು, ಇನ್ನರ್ಧ ಹೆಪಾ ಫಿಲ್ಟರ್ ದಾಟಿ ಬಂದದ್ದು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97% ಅದರಲ್ಲಿ ನಿಲ್ಲುತ್ತವೆ. ಎರಡು ಮೂರು ನಿಮಿಷಕ್ಕೊಮ್ಮೆ ಗಾಳಿ ಪೂರ್ತಿ ಬದಲಾಗುತ್ತೆ. ಮೇಲಿಂದ ಬಂದು ಕಾಲಬಳಿಯ ಜಾಲರಿಯಲ್ಲಿ ಹೊರಹೋಗುತ್ತೆ. ತಿರುಪು ಮಧ್ಯಮಕ್ಕೆ ಇಟ್ಟು ಮುಖದ ಸ್ವಲ್ಪ ಮುಂದೆ ಬೀಳುವಂತೆ ತಿರುಗಿಸಿಕೊಳ್ಳಿ. ಫಿಲ್ಟರ್ ಹಿಡಿಯುವುದು ಕಣಗಳನ್ನು, ವಾಸನೆಯನ್ನಲ್ಲ. ಬೆವರಿದ ಕಾಲುಚೀಲ, ಬೆಳ್ಳುಳ್ಳಿ ಚಟ್ನಿಪುಡಿ ಡಬ್ಬ ತೆರೆದದ್ದು ನಾಲ್ಕು ಸಾಲಿಗೆ ಗೊತ್ತಾಗುವುದು ಅದಕ್ಕೇ. ಆ ದಿನ ಎಲ್ಲರೂ ಒಗೆದ ಕಾಲುಚೀಲ ಹಾಕಲಿ. ಬರಿಗಾಲಲ್ಲಿ ಶೌಚಾಲಯಕ್ಕೆ ಹೋಗುವುದು ಬೇಡ, ಅಲ್ಲಿಯ ನೆಲದ ಒದ್ದೆ ಬರೀ ನೀರಲ್ಲ.

ಗಾಳಿಗಿಂತ ಕೈ ಮುಟ್ಟುವ ಜಾಗಗಳ ಮೇಲೆ ಗಮನವಿರಲಿ. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಔಷಧಕ್ಕೆ ಬಗ್ಗದ ಒಂದು ಬಗೆಯ ಸ್ಟಾಫಿಲೋಕಾಕಸ್ ಬ್ಯಾಕ್ಟೀರಿಯಾ ಸೀಟಿನ ಜೇಬಿನ ಬಟ್ಟೆಯಲ್ಲಿ 7 ದಿನ ಬದುಕಿತ್ತು, ಇ. ಕೋಲಿ ಕೈ ಇಡುವ ಜಾಗದಲ್ಲಿ 4 ದಿನ. ಆಲ್ಕೊಹಾಲ್ ವೈಪ್ಸ್ ಒಬ್ಬರಿಗೆ ಎರಡು ಸಾಕು. ಬೆಲ್ಟಿನ ಬಕಲ್, ಕೈ ಇಡುವ ಜಾಗ, ಟ್ರೇ ಬಿಚ್ಚುವ ಕೊಂಡಿ, ಕೊನೆಗೆ ಟ್ರೇ ಮೇಲ್ಮೈ. ಒರೆಸಿದ್ದು ಅರ್ಧ ನಿಮಿಷ ಒದ್ದೆಯಾಗೇ ಇರಬೇಕು, ತಕ್ಷಣ ಒಣಬಟ್ಟೆ ಎಳೆದರೆ ಒರೆಸಿದ್ದು ದಂಡ. ಕಿಟಕಿಯ ಪ್ಲಾಸ್ಟಿಕ್ಕಿಗೆ ಮಾತ್ರ ಆಲ್ಕೊಹಾಲ್ ತಾಗಿಸಬೇಡಿ, ಕೂದಲೆಳೆಯಂಥ ಬಿರುಕು ಬಿಡುತ್ತೆ. ಸೀಟಿನ ಜೇಬಿಗೆ ಕನ್ನಡಕ, ಪ್ರಸಾದ, ಮಾತ್ರೆ ಹಾಕಬೇಡಿ ಅಂತ ಬಿಡಿಸಿ ಹೇಳಿ.

ಗ್ಯಾಲಿ_ಪರದೆ

ಪಕ್ಕದವರ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಮೊದಲ ಸಲ ಮೆಲ್ಲಗೆ, "ಸ್ವಲ್ಪ ಕಾಲು ತೆಗೀತೀರಾ?" ಅಂದರೆ ಸಾಕು. ಕೇಳದಿದ್ದರೆ ಮತ್ತೆ ಮಾತಾಡಬೇಡಿ, ತಲೆ ಮೇಲಿನ ಬೆಲ್ ಒತ್ತಿ. ಕಾಲು ತಳ್ಳುವುದು, ನೀರು ಚೆಲ್ಲುವುದು, ವಿಡಿಯೊ ಮಾಡುವುದು ಶುರುವಾದರೆ ತಪ್ಪು ಯಾರದು ಅನ್ನುವುದು ಕಲಸಿಹೋಗುತ್ತೆ, ವರದಿಯಲ್ಲಿ ಇಬ್ಬರ ಹೆಸರೂ ಬರುತ್ತೆ. ಸೀಟು ಬದಲಿಸಿಕೊಡಿ ಅಂತ ಕೇಳಿ. ಖಾಲಿ ಇದ್ದರೆ ಕೊಡುತ್ತೇವೆ. ಸೀಟು ಒದ್ದೆಯಾಗಿದ್ದರೆ, ಕಲೆಯಿದ್ದರೆ ವಿಮಾನ ಹೊರಡುವ ಮುಂಚೆಯೇ ತೋರಿಸಿ. ಬಾಗಿಲು ಮುಚ್ಚಿದ ಮೇಲೆ ನಿಲ್ದಾಣದ ಸ್ವಚ್ಛತಾ ತಂಡ ಸಿಗುವುದಿಲ್ಲ.

ನಿಯಮ_ಪುಸ್ತಕ

ಹಾಳೆಯ ಕೊನೆಗೆ ಎರಡು ಸಾಲು ಹಾಕಿ. ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದಲ್ಲಿ ಮೂರು ಹಂತ ಇದೆ. ಬೈಗುಳ, ಅಸಭ್ಯ ಸನ್ನೆ, ಕುಡಿದ ಗಲಾಟೆಗೆ 3 ತಿಂಗಳವರೆಗೆ ಹಾರಾಟ ನಿಷೇಧ. ತಳ್ಳುವುದು, ಹೊಡೆಯುವುದು, ಮೈಮುಟ್ಟಿ ಕಿರುಕುಳಕ್ಕೆ 6 ತಿಂಗಳವರೆಗೆ. ಜೀವಕ್ಕೆ ಅಪಾಯ ತರುವ ವರ್ತನೆಗೆ ಕನಿಷ್ಠ 2 ವರ್ಷ. ನಿರ್ಧರಿಸುವುದು ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಸಮಿತಿ, 30 ದಿನದೊಳಗೆ. ಬರೀ ಕಾಲು ಚಾಚಿದ್ದು ಇದರಲ್ಲಿ ಬರಲ್ಲ, ಹೇಳಿದ್ದಕ್ಕೆ ಎಗರಾಡಿದರೆ ಬರಬಹುದು. ನಿಮ್ಮವರಿಗೆ ತೊಂದರೆಯಾದರೆ ಇಳಿಯುವ ಮುಂಚೆಯೇ ಮುಖ್ಯ ಸಿಬ್ಬಂದಿಗೆ ಸೀಟಿನ ನಂಬರ್, ಹೊತ್ತು ಹೇಳಿ ಬರೆಸಿ. ಮನೆಗೆ ಹೋಗಿ ಬರೆದ ದೂರಿಗೆ ಸಾಕ್ಷಿ ಹುಡುಕುವುದು ಕಷ್ಟ.

ಬೀಡಿಯನ್ನೂ ಸೇರಿಸಿ. ಶೌಚಾಲಯದ ಚಾವಣಿಯಲ್ಲಿ ಹೊಗೆ ಪತ್ತೆ ಮಾಡುವ ಯಂತ್ರ ಇರುತ್ತೆ. ಬಾಗಿಲ ಹತ್ತಿರ ಬೂದಿ ಡಬ್ಬಿ ಕಂಡರೆ ಸೇದಬಹುದು ಅಂತಲ್ಲ. ಯಾರಾದರೂ ನಿಯಮ ಮುರಿದು ಸೇದಿದರೆ ತುಂಡು ಕಸದ ಬುಟ್ಟಿಗೆ ಬಿದ್ದು ಕಾಗದಕ್ಕೆ ಬೆಂಕಿ ಹತ್ತಬಾರದು ಅಂತ ಅದನ್ನು ಇಟ್ಟಿರುವುದು.

ಕಾಶಿತಂಡ_ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಒಂದು ಉಳಿಯಿತು, ಮೂವರು ಅಜ್ಜಿಯರು ದೊಡ್ಡವರ ಡಯಾಪರ್ ಹಾಕುತ್ತಾರೆ. ನಡುವೆ ಬದಲಿಸಬೇಕಾದರೆ?

ಗ್ಯಾಲಿ_ಪರದೆ

ವಿಮಾನ ನಿಲ್ದಾಣದಲ್ಲೇ ಹೊಸದು ಹಾಕಿಸಿ, ಎರಡೂವರೆ ಗಂಟೆ ಬಹುತೇಕ ದಾಟುತ್ತೆ. ಬದಲಿಸಲೇಬೇಕಾದರೆ ಹಿಂದಿನ ಶೌಚಾಲಯ, ಜೊತೆಗೆ ಒಬ್ಬರು ಬಾಗಿಲ ಹೊರಗೆ. ಕೈಚೀಲದಲ್ಲಿ ಒಂದು ಡಯಾಪರ್, ನಾಲ್ಕು ವೆಟ್ ಟಿಶ್ಯೂ, ಎರಡು ದಪ್ಪ ಕವರ್ ಬೇರೆಯೇ ಕಟ್ಟಿಟ್ಟಿರಿ, ಮೇಲಿನ ಲಗೇಜಿನಲ್ಲಿ ಬೇಡ. ಸುತ್ತಿ ಎರಡು ಕವರ್ ಹಾಕಿ ಗಂಟು ಬಿಗಿದು ಬೇಸಿನ್ ಪಕ್ಕದ ಬುಟ್ಟಿಗೆ ಹಾಕಿ. ಬುಟ್ಟಿಯ ಸ್ಪ್ರಿಂಗ್ ಮುಚ್ಚಳ ಪೂರ್ತಿ ಮುಚ್ಚಿಕೊಳ್ಳಬೇಕು, ಒಳಗೆ ಬೆಂಕಿ ಹತ್ತಿದರೆ ಗಾಳಿ ಸಿಗಬಾರದು ಅಂತ ಅದನ್ನು ಹಾಗೆ ಮಾಡಿರುವುದು. ತುಂಬಿ ಮುಚ್ಚಳ ನಿಲ್ಲದಿದ್ದರೆ ನಮಗೆ ಹೇಳಿ. ಊಟ ಹಂಚುತ್ತಿರುವವರ ಕೈಗೆ ಮಾತ್ರ ಆ ಕವರ್ ಕೊಡಬೇಡಿ.